ಚೀಟಿ ಎತ್ತಿ ಲೆಕ್ಕ ಹಾಕುವುದು: ಆರೋಗ್ಯ ವೃತ್ತಿಯವರಿಗಾಗಿ ಮರುಮಾದರಿ ವಿಧಾನಗಳ ಪರಿಚಯ

ಡೆಂಗಿ ಜ್ವರಕ್ಕೆ ದಾಖಲಾದ ಹತ್ತು ರೋಗಿಗಳು ಎಷ್ಟೆಷ್ಟು ದಿನ ಆಸ್ಪತ್ರೆಯಲ್ಲಿದ್ದರು ಎಂಬ ಪಟ್ಟಿಯೊಂದು ನಮ್ಮ ಮುಂದಿದೆ ಎಂದುಕೊಳ್ಳೋಣ: 3, 3, 4, 4, 4, 5, 5, 6, 8, 18. ಇದು ವಿವರಣೆಗಾಗಿ ನಾನೇ ಕಟ್ಟಿಕೊಂಡ ಪಟ್ಟಿ. ಆದರೆ ಇದರ ಸ್ವರೂಪ ವಾರ್ಡಿನಲ್ಲಿ ಕೆಲಸ ಮಾಡುವ ಯಾರಿಗೂ ಹೊಸದಲ್ಲ. ಹೆಚ್ಚಿನವರು ನಾಲ್ಕೈದು ದಿನಗಳಲ್ಲಿ ಡಿಸ್ಚಾರ್ಜ್ ಆಗುತ್ತಾರೆ, ಯಾರೋ ಒಬ್ಬರಿಗೆ ತೊಡಕುಂಟಾಗಿ ಎರಡೂವರೆ ವಾರ ಉಳಿಯಬೇಕಾಗುತ್ತದೆ. ಈ ಹತ್ತು ಸಂಖ್ಯೆಗಳ ಸರಾಸರಿ 6 ದಿನ, ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಮೌಲ್ಯ, 4.5 ದಿನ.

ಸರಾಸರಿಯನ್ನು ಹೇಳಿದ ಮೇಲೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನೂ ಹೇಳಬೇಕು. ಪಠ್ಯಪುಸ್ತಕದ ಟಿ-ಸೂತ್ರವನ್ನು ಬಳಸಿದರೆ ಪ್ರಮಾಣಿತ ದೋಷ, ಅಂದರೆ ಸರಾಸರಿ ಮಾದರಿಯಿಂದ ಮಾದರಿಗೆ ಎಷ್ಟು ಏರಿಳಿಯಬಹುದು ಎಂಬುದರ ಅಳತೆ, 1.41 ಎಂದೂ, 95 ಪ್ರತಿಶತ ವಿಶ್ವಾಸ ವ್ಯಾಪ್ತಿ, ಅಂದರೆ ನಾವೆಲ್ಲ ಕಾನ್ಫಿಡೆನ್ಸ್ ಇಂಟರ್ವಲ್ ಎಂದು ಕರೆಯುವುದು, 2.8ರಿಂದ 9.2 ದಿನ ಎಂದೂ ಬರುತ್ತದೆ. ಇದರ ಕೆಳತುದಿಯನ್ನು ಸ್ವಲ್ಪ ಗಮನಿಸಬೇಕು. ಹತ್ತು ಜನರಲ್ಲಿ ಒಬ್ಬರೂ ಮೂರು ದಿನಕ್ಕಿಂತ ಮೊದಲು ಮನೆಗೆ ಹೋಗಿಲ್ಲ. ಹಾಗಿದ್ದರೂ ಇಂಥ ರೋಗಿಗಳೆಲ್ಲರ ಸರಾಸರಿಯೇ 2.8 ದಿನ ಇದ್ದೀತು ಎಂದು ಸೂತ್ರ ಹೇಳುತ್ತಿದೆ. ಸೂತ್ರದಲ್ಲಿ ತಪ್ಪಿಲ್ಲ. ಮಾದರಿಯ ಸರಾಸರಿಯು ಎಡಕ್ಕೂ ಬಲಕ್ಕೂ ಸಮನಾಗಿ, ಗಂಟೆಯಾಕಾರದಲ್ಲಿ ಹರಡಿಕೊಳ್ಳುತ್ತದೆ ಎಂಬ ಊಹೆಯ ಮೇಲೆ ಅದು ನಿಂತಿದೆ, ಆ ಊಹೆ ಈ ಪಟ್ಟಿಗೆ ಒಪ್ಪುವುದಿಲ್ಲ.

ಹಾಗಾದರೆ ನಾವು ನಿಜವಾಗಿ ಕೇಳುತ್ತಿರುವ ಪ್ರಶ್ನೆ ಯಾವುದು? ಇದೇ ಬಗೆಯ ಬೇರೆ ಹತ್ತು ರೋಗಿಗಳು ಬಂದಿದ್ದರೆ ಸರಾಸರಿ ಎಷ್ಟಾಗುತ್ತಿತ್ತು, ಮತ್ತೆ ಹತ್ತು ಜನ ಬಂದಿದ್ದರೆ ಎಷ್ಟಾಗುತ್ತಿತ್ತು, ಹೀಗೆ ಸಾವಿರ ಸಲ ನಡೆದಿದ್ದರೆ ಆ ಸಾವಿರ ಸರಾಸರಿಗಳು ಎಲ್ಲಿಂದ ಎಲ್ಲಿಯವರೆಗೆ ಹರಡಿಕೊಳ್ಳುತ್ತಿದ್ದವು ಎಂಬುದೇ ಆ ಪ್ರಶ್ನೆ. ಅಷ್ಟು ರೋಗಿಗಳು ನಮ್ಮ ಬಳಿ ಇಲ್ಲ, ಇರುವುದು ಹತ್ತೇ. ಮರುಮಾದರಿ ವಿಧಾನಗಳು ಈ ಹತ್ತನ್ನೇ ಇಡೀ ಸಮುದಾಯದ ಪ್ರತಿನಿಧಿ ಎಂದು ಹಿಡಿದು, ಮಾದರಿ ಎತ್ತುವ ಕೆಲಸವನ್ನು ಮತ್ತೆ ಮತ್ತೆ ಅನುಕರಿಸುತ್ತವೆ.

ಅದನ್ನು ಕೈಯಿಂದಲೇ ಮಾಡಿ ನೋಡಬಹುದು. ಹತ್ತು ಚೀಟಿಗಳ ಮೇಲೆ ಹತ್ತು ಸಂಖ್ಯೆಗಳನ್ನು ಬರೆದು ಡಬ್ಬಿಗೆ ಹಾಕಿ. ಕಣ್ಣು ಮುಚ್ಚಿ ಒಂದನ್ನು ಎತ್ತಿ, ಸಂಖ್ಯೆಯನ್ನು ಬರೆದುಕೊಂಡು, ಚೀಟಿಯನ್ನು ಡಬ್ಬಿಗೇ ಹಿಂದಿರುಗಿಸಿ. ಹೀಗೆ ಹತ್ತು ಸಲ ಎತ್ತಿದರೆ ಹತ್ತು ಸಂಖ್ಯೆಗಳ ಒಂದು ಹೊಸ ಮಾದರಿ ಸಿಗುತ್ತದೆ. ಚೀಟಿಯನ್ನು ಹಿಂದಿರುಗಿಸುವುದೇ ಇಲ್ಲಿನ ಮುಖ್ಯ ಕ್ರಿಯೆ. ಹಿಂದಿರುಗಿಸದಿದ್ದರೆ ಪ್ರತಿ ಸಲವೂ ಅದೇ ಹತ್ತು ಸಂಖ್ಯೆಗಳು, ಅದೇ ಸರಾಸರಿ ಬರುತ್ತವೆ. ಹಿಂದಿರುಗಿಸಿದಾಗ ಕೆಲವು ರೋಗಿಗಳು ಎರಡು ಮೂರು ಸಲ ಬರುತ್ತಾರೆ, ಕೆಲವರು ಬರುವುದೇ ಇಲ್ಲ. ನಿರ್ದಿಷ್ಟ ಒಬ್ಬ ರೋಗಿ ಹೊಸ ಮಾದರಿಯಲ್ಲಿ ಒಮ್ಮೆಯೂ ಕಾಣಿಸದಿರುವ ಸಂಭವ 0.9ರ ಹತ್ತನೆಯ ಘಾತ, ಅಂದರೆ ಸುಮಾರು 35 ಪ್ರತಿಶತ. ಮಾದರಿ ದೊಡ್ಡದಾದಂತೆ ಇದು 36.8 ಪ್ರತಿಶತಕ್ಕೆ ಬಂದು ನಿಲ್ಲುತ್ತದೆ.

ಈಗ 18 ದಿನ ಇದ್ದ ರೋಗಿಯ ಚೀಟಿಯ ಮೇಲೆ ಕಣ್ಣಿಡೋಣ. ಆ ಚೀಟಿ ಬಾರದ ಮಾದರಿಗಳಲ್ಲಿ ಸರಾಸರಿ 4.7 ದಿನದ ಆಸುಪಾಸಿನಲ್ಲಿರುತ್ತದೆ, ಒಮ್ಮೆ ಬಂದವುಗಳಲ್ಲಿ 6ರ ಸುತ್ತ, ಎರಡು ಸಲ ಬಂದವುಗಳಲ್ಲಿ 7.3ರ ಸುತ್ತ, ಮೂರು ಸಲ ಬಂದವುಗಳಲ್ಲಿ 8.7ರ ಸುತ್ತ. ಇಂಥ ಸಾವಿರಾರು ಸರಾಸರಿಗಳನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಿ, ಕೆಳಗಿನ ಎರಡೂವರೆ ಪ್ರತಿಶತವನ್ನೂ ಮೇಲಿನ ಎರಡೂವರೆ ಪ್ರತಿಶತವನ್ನೂ ಬಿಟ್ಟರೆ, ನಡುವೆ ಉಳಿಯುವುದು ಸುಮಾರು 4ರಿಂದ 9 ದಿನ. ಇದೇ ಪರ್ಸೆಂಟೈಲ್ ಬೂಟ್‌ಸ್ಟ್ರ್ಯಾಪ್ ವ್ಯಾಪ್ತಿ. ಇದು 6ರಿಂದ ಎಡಕ್ಕೆ ಎರಡು ದಿನ, ಬಲಕ್ಕೆ ಮೂರು ದಿನ ಚಾಚಿದೆ. ಅಂಕಿಗಳಲ್ಲಿದ್ದ ಓರೆ, ಅಂದರೆ ಒಂದೇ ಬದಿಗೆ ಉದ್ದವಾಗಿ ಚಾಚಿಕೊಂಡಿರುವ ಗುಣ, ಉತ್ತರದಲ್ಲೂ ಉಳಿದುಕೊಂಡಿದೆ. ಇದಕ್ಕಿಂತ ದೊಡ್ಡ ಅನುಕೂಲವೆಂದರೆ, ಸರಾಸರಿಯ ಜಾಗದಲ್ಲಿ ಮಧ್ಯಾಂಕವನ್ನು ಇಟ್ಟರೂ ಕೆಲಸದ ಕ್ರಮ ಬದಲಾಗುವುದಿಲ್ಲ. ಮಧ್ಯಾಂಕದ ಪ್ರಮಾಣಿತ ದೋಷಕ್ಕೆ ನೆನಪಿನಲ್ಲಿಟ್ಟುಕೊಳ್ಳುವಂಥ ಸರಳ ಸೂತ್ರವಿಲ್ಲ. ಚೀಟಿಯ ಡಬ್ಬಿಯಾದರೋ ಸುಮಾರು 3.5ರಿಂದ 6.5 ಎಂಬ ವ್ಯಾಪ್ತಿಯನ್ನು ಕೊಡುತ್ತದೆ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಅಂಕಿಗಳು ಓರೆಯಾಗಿದ್ದರೆ ಸರಾಸರಿಯನ್ನು ಬಿಟ್ಟು ಮಧ್ಯಾಂಕವನ್ನೇ ವರದಿ ಮಾಡಬೇಕೆಂದು ನಮಗೆ ಕಲಿಸಲಾಗುತ್ತದೆ. ರೋಗಿಗೆ ಅಥವಾ ಮನೆಯವರಿಗೆ ‘ಸಾಮಾನ್ಯವಾಗಿ ಎಷ್ಟು ದಿನವಾದೀತು’ ಎಂದು ಹೇಳಲು ಮಧ್ಯಾಂಕವೇ ಸರಿ. ಆದರೆ ಮುಂದಿನ ಮಳೆಗಾಲಕ್ಕೆ ಎಷ್ಟು ಹಾಸಿಗೆ ಬೇಕು, ಎಷ್ಟು ಹಣ ಬೇಕು ಎಂದು ಲೆಕ್ಕ ಹಾಕುವವರಿಗೆ ಬೇಕಾದದ್ದು ಸರಾಸರಿ. ಸರಾಸರಿಯನ್ನು ರೋಗಿಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ದಿನಗಳು ಬರುತ್ತವೆ, ಮಧ್ಯಾಂಕವನ್ನು ಗುಣಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಚಿಕಿತ್ಸಾ ವೆಚ್ಚದ ಅಧ್ಯಯನಗಳಲ್ಲಿ ಬೂಟ್‌ಸ್ಟ್ರ್ಯಾಪ್ ಇಷ್ಟು ರೂಢಿಯಾಗಿರುವುದಕ್ಕೆ ಇದೇ ಕಾರಣ. ಅಲ್ಲಿ ಅಂಕಿಗಳು ವಿಪರೀತ ಓರೆಯಾಗಿರುತ್ತವೆ, ಆದರೂ ಸರಾಸರಿಯನ್ನು ಬಿಡುವಂತಿಲ್ಲ.

ಬೂಟ್‌ಸ್ಟ್ರ್ಯಾಪ್ ಎಂಬ ಹೆಸರನ್ನೂ ವಿಧಾನವನ್ನೂ 1979ರಲ್ಲಿ ಮುಂದಿಟ್ಟವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ರ್ಯಾಡ್ಲಿ ಎಫ್ರಾನ್. ಯಾರ ಆಸರೆಯೂ ಇಲ್ಲದೆ ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆತ್ತಿಕೊಂಡು ಮೇಲೇಳುವುದು ಎಂಬ ಅರ್ಥ ಆ ಹೆಸರಿನಲ್ಲಿದೆ, ಕೈಯಲ್ಲಿರುವ ಅಂಕಿಗಳಿಂದಲೇ ಆ ಅಂಕಿಗಳ ವಿಶ್ವಾಸಾರ್ಹತೆಯನ್ನು ಅಳೆಯುವ ಕೆಲಸಕ್ಕೆ ಅದು ಹೊಂದುತ್ತದೆ. ಅದಕ್ಕೂ ಮೊದಲೇ ಜ್ಯಾಕ್‌ನೈಫ್ ಎಂಬ ವಿಧಾನ ಬಳಕೆಯಲ್ಲಿತ್ತು. ಮಾರಿಸ್ ಕೆನೂಯ್ 1949ರಲ್ಲಿ ಅದರ ಮೂಲ ರೂಪವನ್ನು ಕೊಟ್ಟರು, ಜಾನ್ ಟ್ಯೂಕಿ 1958ರಲ್ಲಿ ಅದನ್ನು ವಿಸ್ತರಿಸಿ, ಮಡಿಸುವ ಚಾಕುವಿನಂತೆ ಹಲವು ಕೆಲಸಕ್ಕೆ ಒದಗುತ್ತದೆಂದು ಆ ಹೆಸರಿಟ್ಟರು. ಇಲ್ಲಿ ಚೀಟಿ ಎತ್ತುವುದಿಲ್ಲ, ಒಬ್ಬೊಬ್ಬ ರೋಗಿಯನ್ನು ಸರದಿಯಂತೆ ಬಿಟ್ಟು ಉಳಿದವರ ಲೆಕ್ಕ ಹಾಕಲಾಗುತ್ತದೆ. ನಮ್ಮ ಪಟ್ಟಿಯಲ್ಲಿ 3 ದಿನದ ಒಬ್ಬರನ್ನು ಬಿಟ್ಟರೆ ಸರಾಸರಿ 6.3 ಆಗುತ್ತದೆ, 18 ದಿನದವರನ್ನು ಬಿಟ್ಟರೆ 4.7ಕ್ಕೆ ಕುಸಿಯುತ್ತದೆ. ಇಡೀ ತೀರ್ಮಾನ ಒಬ್ಬ ರೋಗಿಯ ಮೇಲೆ ಎಷ್ಟು ಭಾರ ಹಾಕಿದೆ ಎಂಬುದು ಇಷ್ಟರಿಂದಲೇ ಕಣ್ಣಿಗೆ ಬೀಳುತ್ತದೆ.

ಈ ಚಿಂತನೆಯ ಪೂರ್ವೇತಿಹಾಸದಲ್ಲಿ ಭಾರತಕ್ಕೂ ಪಾಲಿದೆ. ಕೋಲ್ಕತ್ತದಲ್ಲಿ 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್, ಬಂಗಾಳದ ಸೆಣಬು ಬೆಳೆಯ ಸಮೀಕ್ಷೆಗಳಲ್ಲಿ ಒಂದೇ ಪ್ರದೇಶವನ್ನು ಒಂದರೊಳಗೊಂದು ಹೆಣೆದ ಬೇರೆ ಬೇರೆ ಉಪಮಾದರಿಗಳಾಗಿ ವಿಂಗಡಿಸಿ, ಅವುಗಳ ಉತ್ತರಗಳ ನಡುವಿನ ವ್ಯತ್ಯಾಸದಿಂದಲೇ ಒಟ್ಟು ದೋಷವನ್ನು ಅಳೆದರು. ಮಾದರಿಯೊಳಗೇ ಮಾದರಿಯನ್ನು ಪರೀಕ್ಷಿಸುವ ಆ ಕ್ರಮವನ್ನು ಬೂಟ್‌ಸ್ಟ್ರ್ಯಾಪ್‌ನ ಪೂರ್ವಸೂರಿಗಳಲ್ಲಿ ಒಂದೆಂದು ಎಣಿಸಲಾಗುತ್ತದೆ. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ 2019ರಲ್ಲಿ ಎಫ್ರಾನ್ ಅವರಿಗೆ ಬೂಟ್‌ಸ್ಟ್ರ್ಯಾಪ್‌ಗಾಗಿ ಸಂದಿತು. ಅದೇ ಬಹುಮಾನ 2023ರಲ್ಲಿ ಸಂದದ್ದು, ಮಹಾಲನೋಬಿಸರ ಸಂಸ್ಥೆಯಲ್ಲಿ ಬೆಳೆದ, ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರಿಗೆ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಹತ್ತು ಚೀಟಿಗಳಿಂದ ಈಗ ನಿಜವಾದ ಒಂದು ಪ್ರಯೋಗಕ್ಕೆ ಬರೋಣ. ಅಮೆರಿಕದಲ್ಲಿ 1980ರ ದಶಕದಲ್ಲಿ 22,071 ಪುರುಷ ವೈದ್ಯರು ತಾವೇ ಪ್ರಯೋಗಕ್ಕೆ ಒಳಪಟ್ಟರು. ಅವರಲ್ಲಿ 11,037 ಮಂದಿಗೆ ದಿನ ಬಿಟ್ಟು ದಿನ 325 ಮಿಲಿಗ್ರಾಂ ಆಸ್ಪಿರಿನ್, ಉಳಿದ 11,034 ಮಂದಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆ ಅಂದರೆ ಪ್ಲಸೀಬೊ ಕೊಡಲಾಯಿತು. ಯಾರಿಗೆ ಯಾವುದೆಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. 1988ರ ಜನವರಿಯಲ್ಲಿ ಪ್ರಕಟವಾದ ಪ್ರಾಥಮಿಕ ವರದಿಯ ಪ್ರಕಾರ ಆಸ್ಪಿರಿನ್ ಗುಂಪಿನಲ್ಲಿ 104, ಪ್ಲಸೀಬೊ ಗುಂಪಿನಲ್ಲಿ 189 ಹೃದಯಾಘಾತಗಳಾಗಿದ್ದವು. ಎರಡು ದರಗಳ ಅನುಪಾತ 0.55. ಪಾರ್ಶ್ವವಾಯುವಿನಲ್ಲಿ ಚಿತ್ರ ತಿರುಗುಮುರುಗು, 1989ರ ಅಂತಿಮ ವರದಿಯ ಪ್ರಕಾರ: ಆಸ್ಪಿರಿನ್ ಗುಂಪಿನಲ್ಲಿ 119, ಪ್ಲಸೀಬೊ ಗುಂಪಿನಲ್ಲಿ 98, ಅನುಪಾತ 1.21.

ಬೂಟ್‌ಸ್ಟ್ರ್ಯಾಪ್ ಮಾಡಲು ಎರಡು ಡಬ್ಬಿಗಳು ಬೇಕು. ಒಂದರಲ್ಲಿ 11,037 ಚೀಟಿಗಳು, ಅವುಗಳಲ್ಲಿ 104ರ ಮೇಲೆ ‘ಹೃದಯಾಘಾತ’ ಎಂದಿರುತ್ತದೆ. ಇನ್ನೊಂದರಲ್ಲಿ 11,034, ಅವುಗಳಲ್ಲಿ 189. ಎರಡರಿಂದಲೂ ಅಷ್ಟಷ್ಟೇ ಚೀಟಿಗಳನ್ನು ಹಿಂದಿರುಗಿಸುತ್ತ ಎತ್ತಿ, ಪ್ರತಿ ಸಲವೂ ಅನುಪಾತವನ್ನು ಬರೆದುಕೊಂಡರೆ, ಹೃದಯಾಘಾತದ ಅನುಪಾತಕ್ಕೆ ಸುಮಾರು 0.43ರಿಂದ 0.70, ಪಾರ್ಶ್ವವಾಯುವಿನ ಅನುಪಾತಕ್ಕೆ ಸುಮಾರು 0.93ರಿಂದ 1.6 ಎಂಬ ವ್ಯಾಪ್ತಿ ದೊರೆಯುತ್ತದೆ. ಅನುಪಾತ 1 ಎಂದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವಿಲ್ಲ ಎಂದರ್ಥ. ಮೊದಲನೆಯದು 1ರಿಂದ ಸ್ಪಷ್ಟವಾಗಿ ಕೆಳಗಿದೆ. ಎರಡನೆಯದು 1ನ್ನು ಒಳಗೊಂಡಿದೆ, ಆದ್ದರಿಂದ ಪಾರ್ಶ್ವವಾಯು ಹೆಚ್ಚಾಯಿತೆಂದಾಗಲಿ ಹೆಚ್ಚಾಗಲಿಲ್ಲವೆಂದಾಗಲಿ ಈ ಅಂಕಿಗಳಿಂದ ಹೇಳಲಾಗದು. ಸೂತ್ರದಿಂದ ಬರುವ ಉತ್ತರಗಳೂ ಬಹುತೇಕ ಇವೇ. ಸೂತ್ರ ಸಲ್ಲುವಲ್ಲಿ ಬೂಟ್‌ಸ್ಟ್ರ್ಯಾಪ್ ಅದರೊಂದಿಗೆ ಒಪ್ಪುತ್ತದೆ. ಸೂತ್ರವೇ ಇಲ್ಲದ ಕಡೆ ಅದನ್ನು ನಂಬಲು ನಮಗೆ ಧೈರ್ಯ ಕೊಡುವುದು ಈ ಒಪ್ಪಿಗೆ.

ಇದೇ ಪ್ರಯೋಗಕ್ಕೆ ಇನ್ನೊಂದು ಪ್ರಶ್ನೆಯನ್ನೂ ಹಾಕಬಹುದು. ಆಸ್ಪಿರಿನ್‌ನಿಂದ ಯಾವ ಪರಿಣಾಮವೂ ಇಲ್ಲ ಎಂದು ಕ್ಷಣಕಾಲ ಒಪ್ಪಿಕೊಳ್ಳೋಣ. ಆಗ ಒಟ್ಟು 293 ಹೃದಯಾಘಾತಗಳು ಯಾವ ಗುಳಿಗೆ ಸಿಕ್ಕಿದ್ದರೂ ಅದೇ 293 ಜನರಿಗೆ ಆಗಿಯೇ ತೀರುತ್ತಿದ್ದವು, ಅವರಲ್ಲಿ ಎಷ್ಟು ಮಂದಿ ಆಸ್ಪಿರಿನ್ ಗುಂಪಿಗೆ ಬಿದ್ದರು ಎಂಬುದು ಬರೀ ಅದೃಷ್ಟದ ಮಾತು. ಹಾಗಿದ್ದರೆ 22,071 ಜನರ ಗುಂಪಿನ ಹೆಸರುಗಳನ್ನು ಕಲೆಸಿ ಮತ್ತೆ ಹಂಚಿ ನೋಡಬಹುದು. ಈ ಸಲ ಚೀಟಿಯನ್ನು ಹಿಂದಿರುಗಿಸುವಂತಿಲ್ಲ, ಪ್ರತಿಯೊಬ್ಬರಿಗೂ ಒಂದೇ ಗುಂಪು. ಹೀಗೆ ಕಲೆಸಿದಾಗ ಆಸ್ಪಿರಿನ್ ಗುಂಪಿಗೆ ಸರಾಸರಿ 146ರಿಂದ 147 ಹೃದಯಾಘಾತಗಳು ಬೀಳುತ್ತವೆ, ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಆ ಸಂಖ್ಯೆ ಸುಮಾರು 130ರಿಂದ 163ರ ನಡುವೆ ಇರುತ್ತದೆ. 104ರಷ್ಟು ಕೆಳಗಿಳಿಯುವುದು ಹತ್ತು ಸಾವಿರ ಸಲ ಕಲೆಸಿದರೂ ಒಮ್ಮೆಯೂ ಕಾಣದಿದ್ದರೆ ಆಶ್ಚರ್ಯವಿಲ್ಲ. ಪಾರ್ಶ್ವವಾಯುವಿನಲ್ಲಾದರೆ 119 ಮತ್ತು 98ರಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಅಂತರ, ಯಾವ ದಿಕ್ಕಿಗಾದರೂ ಸರಿ, ಸುಮಾರು ಆರರಲ್ಲಿ ಒಂದು ಸಲ ತಾನಾಗಿಯೇ ಬರುತ್ತದೆ.

ಈ ‘ಎಷ್ಟರಲ್ಲಿ ಎಷ್ಟು ಸಲ’ ಎಂಬುದೇ ಪಿ-ಮೌಲ್ಯ. ಪಿ-ಮೌಲ್ಯದ ಅರ್ಥವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದಕ್ಕಿಂತ ನೇರವಾದ ದಾರಿ ಇಲ್ಲವೆಂದು ನಾನು ನಂಬಿದ್ದೇನೆ. ಕೋಷ್ಟಕದಿಂದ ಇಳಿದುಬರುವ 0.05 ಎಂಬ ರೂಢಿಯ ಗಡಿ ಯಾರಿಗೂ ಅರ್ಥವಾಗದೆ ಬಾಯಿಪಾಠವಾಗುತ್ತದೆ. ಕಲೆಸಿ ಹಂಚಿದಾಗ, ಚಿಕಿತ್ಸೆಗೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಂತರ ಎಷ್ಟು ಸಲ ಬಂದೀತೆಂಬುದನ್ನು ಕಣ್ಣಾರೆ ಎಣಿಸಬಹುದು. ಈ ಪರೀಕ್ಷೆಗೆ ಪರ್ಮ್ಯುಟೇಶನ್ ಪರೀಕ್ಷೆ ಎಂದು ಹೆಸರು. ಇದರ ತಳಹದಿಯನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ಎಂಟು ಕಪ್ ಚಹಾದ ಉದಾಹರಣೆಯಿಂದ ವಿವರಿಸಿದ್ದರು. ಕಪ್ಪಿಗೆ ಮೊದಲು ಹಾಕಿದ್ದು ಹಾಲೋ ಚಹಾವೋ ಎಂಬುದನ್ನು ರುಚಿ ನೋಡಿಯೇ ಹೇಳಬೇಕು. ನಾಲ್ಕರಲ್ಲಿ ಹಾಲನ್ನು ಮೊದಲು, ನಾಲ್ಕರಲ್ಲಿ ಚಹಾವನ್ನು ಮೊದಲು ಹಾಕಿದ್ದರೆ, ಅವುಗಳನ್ನು ವಿಂಗಡಿಸಲು 70 ಬಗೆಗಳಿವೆ, ಆದ್ದರಿಂದ ಬರೀ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ 1. ಇದೇ ಎಣಿಕೆ ಸಣ್ಣ ಅಧ್ಯಯನಗಳಿಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಗುಂಪಿಗೆ ಮೂರರಂತೆ ಆರು ಪ್ರಾಣಿಗಳ ಪ್ರಯೋಗದಲ್ಲಿ ವಿಂಗಡಣೆಗಳು 20 ಮಾತ್ರ. ಎರಡೂ ದಿಕ್ಕಿನ ಅಂತರವನ್ನು ಎಣಿಸಿದರೆ ದೊರೆಯಬಹುದಾದ ಅತಿ ಚಿಕ್ಕ ಪಿ-ಮೌಲ್ಯವೇ 0.1, ಔಷಧ ಎಷ್ಟೇ ಪರಿಣಾಮಕಾರಿಯಾಗಿದ್ದರೂ ಅದು 0.05ರ ಕೆಳಗೆ ಇಳಿಯಲಾರದು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಎಳೆ ಅಡಗಿದೆ. ಬೂಟ್‌ಸ್ಟ್ರ್ಯಾಪ್ ಅನುಕರಿಸುವುದು ಸಮುದಾಯದಿಂದ ರೋಗಿಗಳು ನಮ್ಮ ಬಳಿಗೆ ಬಂದ ಕ್ರಮವನ್ನು. ಪರ್ಮ್ಯುಟೇಶನ್ ಅನುಕರಿಸುವುದು ಪ್ರಯೋಗದಲ್ಲಿ ಚಿಕಿತ್ಸೆಯನ್ನು ಹಂಚಿದ ಕ್ರಮವನ್ನು. ಆದ್ದರಿಂದ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಅಂಕಿಗಳು ನಮ್ಮ ಕೈಗೆ ಹೇಗೆ ಬಂದವು ಎಂಬುದನ್ನು ನೆನಪಿಸಿಕೊಳ್ಳಬೇಕು. ಈ ವಿಧಾನಗಳಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಮರೆವಿನಿಂದ ಹುಟ್ಟುತ್ತವೆ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಅಧ್ಯಯನವನ್ನು ತೆಗೆದುಕೊಳ್ಳಿ. ಅರವತ್ತು ರೋಗಿಗಳ ಎರಡೂ ಕಣ್ಣುಗಳನ್ನು ಅಳೆದಿದ್ದರೆ ಹಾಳೆಯಲ್ಲಿ 120 ಸಾಲುಗಳಿರುತ್ತವೆ. ಹಾಳೆಯನ್ನು ನೋಡಿ 120 ಚೀಟಿಗಳನ್ನು ಮಾಡಿದರೆ ಲೆಕ್ಕ ಕೆಡುತ್ತದೆ, ಏಕೆಂದರೆ ಒಬ್ಬರದೇ ಎರಡು ಕಣ್ಣುಗಳು ಒಂದಕ್ಕೊಂದು ಹೋಲುತ್ತವೆ, 120 ಸ್ವತಂತ್ರ ಸಾಕ್ಷ್ಯಗಳು ನಮ್ಮಲ್ಲಿಲ್ಲ. ಬರುವ ವ್ಯಾಪ್ತಿ ಇರಬೇಕಾದ್ದಕ್ಕಿಂತ ಕಿರಿದಾಗಿ, ನಮಗಿಲ್ಲದ ಖಚಿತತೆಯನ್ನು ತೋರಿಸುತ್ತದೆ. ಚೀಟಿಗಳು 60 ಇರಬೇಕು, ಒಂದು ಚೀಟಿ ಎತ್ತಿದರೆ ಆ ರೋಗಿಯ ಎರಡೂ ಕಣ್ಣುಗಳು ಒಟ್ಟಿಗೆ ಬರಬೇಕು. ಒಂದೇ ಬಾಯಿಯ ಹಲ್ಲುಗಳಿಗೂ, ಒಬ್ಬರದೇ ರಕ್ತದೊತ್ತಡದ ಹತ್ತು ಅಳತೆಗಳಿಗೂ, ಒಂದೇ ಹಳ್ಳಿಯ ಮಕ್ಕಳ ತೂಕಕ್ಕೂ ಇದೇ ನಿಯಮ. ಹಳ್ಳಿಗಳನ್ನು ಮೊದಲು ಆರಿಸಿ, ಆಮೇಲೆ ಮನೆಗಳನ್ನು ಆರಿಸಿದ ಸಮೀಕ್ಷೆಯಲ್ಲಿ ಚೀಟಿಯ ಮೇಲೆ ಬರೆಯಬೇಕಾದದ್ದು ಹಳ್ಳಿಯ ಹೆಸರು. ಡಿಎಚ್‌ಎಸ್ ಎಂದು ಕರೆಯುವ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳಲ್ಲಿ ಶಿಶುಮರಣ ಮತ್ತು ಫಲವತ್ತತೆಯ ದರಗಳಿಗೆ ಪ್ರಮಾಣಿತ ದೋಷವನ್ನು ಲೆಕ್ಕ ಹಾಕುವಾಗ, ಪ್ರತಿ ಸಲವೂ ಒಂದು ಇಡೀ ಪ್ರದೇಶಗುಚ್ಛವನ್ನೇ ಬಿಟ್ಟು ಜ್ಯಾಕ್‌ನೈಫ್ ಮಾಡುವುದು ಇದಕ್ಕಾಗಿಯೇ.

ಇನ್ನೊಂದು ಮಿತಿ ಇದಕ್ಕಿಂತ ಆಳದ್ದು. ಡಬ್ಬಿಯಲ್ಲಿ ಇಲ್ಲದ ಚೀಟಿ ಎಷ್ಟು ಸಲ ಎತ್ತಿದರೂ ಬರುವುದಿಲ್ಲ. ನಮ್ಮ ಹತ್ತು ರೋಗಿಗಳ ಪಟ್ಟಿಯಲ್ಲಿ ಗರಿಷ್ಠ 18 ದಿನ. ಮುಂದೆ ಯಾರಾದರೂ 30 ದಿನ ಉಳಿಯಬಹುದೇ ಎಂಬ ಪ್ರಶ್ನೆಗೆ ಬೂಟ್‌ಸ್ಟ್ರ್ಯಾಪ್ ಉತ್ತರಿಸಲಾರದು. ಮೇಲೆ ಹೇಳಿದ 4ರಿಂದ 9ರ ವ್ಯಾಪ್ತಿಯೂ ಹತ್ತೇ ರೋಗಿಗಳ ಕಾರಣದಿಂದ ನಿಜವಾಗಿ ಇರಬೇಕಾದ್ದಕ್ಕಿಂತ ಸ್ವಲ್ಪ ಕಿರಿದೇ. ಮರುಮಾದರಿ ಎಂದರೆ ಸಣ್ಣ ಮಾದರಿಯನ್ನು ದೊಡ್ಡದಾಗಿಸುವ ಉಪಾಯ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹತ್ತು ಸಾವಿರ ಸಲ ಎತ್ತಿದರೂ ರೋಗಿಗಳು ಹತ್ತೇ. ಮಾದರಿಯೇ ಒಂದು ಕಡೆಗೆ ವಾಲಿದ್ದರೆ ಆ ವಾಲಿಕೆಯನ್ನೂ ಅದು ನಿಷ್ಠೆಯಿಂದ ಹತ್ತು ಸಾವಿರ ಸಲ ನಕಲು ಮಾಡುತ್ತದೆ. ಆಸ್ಪಿರಿನ್ ಪ್ರಯೋಗದ 0.43ರಿಂದ 0.70 ಎಂಬ ವ್ಯಾಪ್ತಿ 40ರಿಂದ 84 ವಯಸ್ಸಿನ, ಒಟ್ಟಾರೆ ಆರೋಗ್ಯವಂತರಾಗಿದ್ದ ಪುರುಷ ವೈದ್ಯರಿಗೆ ಸಂಬಂಧಿಸಿದ್ದು. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಹಿರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಆಸ್ಪ್ರೀ ಪ್ರಯೋಗದಲ್ಲಿ ಹೃದ್ರೋಗದ ಮಟ್ಟಿಗೆ ಗಮನಾರ್ಹ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಾಯಿತು. ಹೃದ್ರೋಗವಿಲ್ಲದ ಹಿರಿಯರಿಗೆ ಮುಂಜಾಗ್ರತೆಯಾಗಿ ಆಸ್ಪಿರಿನ್ ಕೊಡುವುದನ್ನು ಈಗ ವಾಡಿಕೆಯ ಸಲಹೆಯಾಗಿ ಕೊಡುವುದಿಲ್ಲ. ಹಳೆಯ ಡಬ್ಬಿಯನ್ನು ಎಷ್ಟು ಕಲೆಸಿದ್ದರೂ ಈ ಸಂಗತಿ ಹೊರಬರುತ್ತಿರಲಿಲ್ಲ.

ರೋಗಮುನ್ಸೂಚನೆಯ ಸ್ಕೋರುಗಳನ್ನು ಕಟ್ಟುವವರಿಗೆ ಮರುಮಾದರಿ ಮತ್ತೊಂದು ರೀತಿಯಲ್ಲಿ ಅನಿವಾರ್ಯ. ಇನ್ನೂರು ರೋಗಿಗಳ ಅಂಕಿಗಳಿಂದ ಒಂದು ಸ್ಕೋರನ್ನು ರೂಪಿಸಿ, ಅದೇ ಇನ್ನೂರು ಜನರ ಮೇಲೆ ಪರೀಕ್ಷಿಸಿದರೆ, ಪ್ರಶ್ನೆಪತ್ರಿಕೆಯನ್ನು ಮೊದಲೇ ನೋಡಿ ಪರೀಕ್ಷೆ ಬರೆದಂತಾಗುತ್ತದೆ. ಕ್ರಾಸ್ ವ್ಯಾಲಿಡೇಶನ್‌ನಲ್ಲಿ ರೋಗಿಗಳನ್ನು ಹತ್ತು ಭಾಗ ಮಾಡಿ, ಒಂಬತ್ತರಿಂದ ಸ್ಕೋರು ಕಟ್ಟಿ, ಬಿಟ್ಟ ಒಂದರ ಮೇಲೆ ಪರೀಕ್ಷಿಸುತ್ತ ಸರದಿಯಂತೆ ಹತ್ತೂ ಭಾಗಗಳನ್ನು ಮುಗಿಸುತ್ತಾರೆ. ಬೂಟ್‌ಸ್ಟ್ರ್ಯಾಪ್‌ನಲ್ಲಿ ಪ್ರತಿ ಮರುಮಾದರಿಯಿಂದ ಸ್ಕೋರನ್ನು ಹೊಸದಾಗಿ ಕಟ್ಟಿ, ಅದು ಆ ಮರುಮಾದರಿಯ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತದೆ, ಮೂಲ ರೋಗಿಗಳ ಮೇಲೆ ಎಷ್ಟು ಕಾಣುತ್ತದೆ ಎಂಬ ವ್ಯತ್ಯಾಸವನ್ನು ಅಳೆಯುತ್ತಾರೆ. ಉದಾಹರಣೆಗೆ ಎಯುಸಿ, ಅಂದರೆ ಸ್ಕೋರು ರೋಗ ಬರುವವರನ್ನೂ ಬಾರದವರನ್ನೂ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಳತೆ, 0.86 ಎಂದು ಬಂದಿದ್ದು, ಈ ವ್ಯತ್ಯಾಸ ಸರಾಸರಿ 0.07 ಇದ್ದರೆ, ಪ್ರಾಮಾಣಿಕವಾಗಿ ವರದಿ ಮಾಡಬೇಕಾದ ಸಂಖ್ಯೆ 0.79. ಇಲ್ಲೂ ಅನುಕರಣೆ ಪೂರ್ಣವಾಗಿರಬೇಕು. ಮೂವತ್ತು ರಕ್ತಪರೀಕ್ಷೆಗಳಿಂದ ಐದನ್ನು ಆರಿಸಿಕೊಂಡಿದ್ದರೆ, ಆ ಆರಿಸುವ ಕೆಲಸವನ್ನೂ ಪ್ರತಿ ಮರುಮಾದರಿಯೊಳಗೆ ಹೊಸದಾಗಿ ಮಾಡಬೇಕು. ಎಲ್ಲ ರೋಗಿಗಳನ್ನೂ ನೋಡಿ ಐದನ್ನು ಆರಿಸಿಟ್ಟುಕೊಂಡು, ಆಮೇಲೆ ಭಾಗ ಮಾಡಿ ಪರೀಕ್ಷಿಸಿದರೆ ಉತ್ತರ ಮೊದಲೇ ಸೋರಿಹೋಗಿರುತ್ತದೆ. ಪ್ರಕಟಿತ ಸ್ಕೋರು ಹೊಸ ಆಸ್ಪತ್ರೆಯಲ್ಲಿ ಸೋತಾಗ ಅದರ ಹಿಂದೆ ಈ ಸೋರಿಕೆ ಇದೆಯೇ ಎಂದು ಮೊದಲು ನೋಡಬೇಕು.

ಲೆಕ್ಕವನ್ನು ಈಗ ಆರ್, ಸ್ಟೇಟಾ, ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶಗಳೆಲ್ಲವೂ ಮಾಡಿಕೊಡುತ್ತವೆ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಹತ್ತು ಸಾವಿರ ಮರುಮಾದರಿಗಳಿಗೆ ಕೆಲವು ಸೆಕೆಂಡು ಸಾಕು. ಪ್ರಮಾಣಿತ ದೋಷಕ್ಕೆ ಕೆಲವು ನೂರು ಮರುಮಾದರಿಗಳೂ ಸಾಕಾಗುತ್ತವೆ, ವ್ಯಾಪ್ತಿಯ ತುದಿಗಳಿಗೆ ಕನಿಷ್ಠ ಸಾವಿರ ಎರಡು ಸಾವಿರ ಬೇಕು. ಪರ್ಮ್ಯುಟೇಶನ್‌ನಲ್ಲಿ 9,999 ಸಲ ಕಲೆಸಿ ಒಮ್ಮೆಯೂ ಅಷ್ಟು ಅಂತರ ಬರದಿದ್ದರೆ ಪಿ-ಮೌಲ್ಯವನ್ನು ಸೊನ್ನೆ ಎಂದು ಬರೆಯಬಾರದು, ನಿಜವಾಗಿ ನಡೆದ ಹಂಚಿಕೆಯನ್ನೂ ಒಂದೆಂದು ಎಣಿಸಿ 10,000ದಲ್ಲಿ 1, ಅಂದರೆ 0.0001 ಎಂದು ಬರೆಯಬೇಕು. ಯಾದೃಚ್ಛಿಕ ಸಂಖ್ಯೆಗಳ ಆರಂಭಬಿಂದುವನ್ನು, ಅಂದರೆ ಸೀಡ್ ಅನ್ನು, ದಾಖಲಿಸಿಟ್ಟರೆ ಇನ್ನೊಬ್ಬರು ಅದೇ ಉತ್ತರವನ್ನು ಮತ್ತೆ ಪಡೆಯಬಹುದು.

ಸ್ನಾತಕೋತ್ತರ ಪ್ರಬಂಧದಲ್ಲಿ ನಮ್ಮ ಹತ್ತು ರೋಗಿಗಳ ಫಲಿತಾಂಶವನ್ನು ಬರೆಯಬೇಕಾಗಿದ್ದರೆ ನಾನು ಹೀಗೆ ಬರೆಯುತ್ತಿದ್ದೆ: ‘ಆಸ್ಪತ್ರೆಯಲ್ಲಿದ್ದ ಅವಧಿಯ ಸರಾಸರಿ 6 ದಿನ, ರೋಗಿಯನ್ನು ಘಟಕವಾಗಿಟ್ಟುಕೊಂಡು 10,000 ಮರುಮಾದರಿಗಳಿಂದ ಪಡೆದ 95 ಪ್ರತಿಶತ ಪರ್ಸೆಂಟೈಲ್ ಬೂಟ್‌ಸ್ಟ್ರ್ಯಾಪ್ ವ್ಯಾಪ್ತಿ ಸುಮಾರು 4ರಿಂದ 9 ದಿನ. ಒಬ್ಬ ರೋಗಿ 18 ದಿನ ಉಳಿದಿದ್ದು, ಆ ರೋಗಿಯನ್ನು ಬಿಟ್ಟರೆ ಸರಾಸರಿ 4.7 ದಿನ.’